ಆರರವರೆಗೆ ಹತ್ತಿ ಇಳಿಯುವ ಸಂಖ್ಯೆ

ಒಂದು, ಎರಡು, ಮೂರು, ನಾಲ್ಕು, ಐದು, ಆರು. ಅಲ್ಲಿಂದ ಇಳಿದು ಐದು, ನಾಲ್ಕು, ಮೂರು, ಎರಡು, ಒಂದು. ಎಲ್ಲ ಒಟ್ಟಿಗೆ ಬರೆದರೆ 12345654321. ಇವತ್ತಿನ ಹರಟೆಗೆ ಈ ಒಂದು ಸಂಖ್ಯೆ ಸಾಕು ಅಕ್ಕ. ತೆಂಗಿನಕಾಯಿ ರೇಟು, ಬಾರದ ನೀರು, ಬಂದ ಕರೆಂಟ್ ಬಿಲ್ಲು ಎಲ್ಲ ನಾಳೆಗಿರಲಿ.

ಬೇಲಿಯಾಚೆಯ ಅಕ್ಕ ಬ್ಯಾಂಕಿನ ಕ್ಯಾಷ್ ಕೌಂಟರಿನಲ್ಲಿ ಕೂತು ನಿವೃತ್ತರಾದವರು. ಉದ್ದದ ಸಂಖ್ಯೆ ಕಂಡರೆ ಅವರ ಕಣ್ಣು ತಾನಾಗಿಯೇ ಬಲದಿಂದ ಎಡಕ್ಕೆ ಓಡುತ್ತದೆ, ಸಾವಿರ, ಲಕ್ಷ, ಕೋಟಿಗೆ ಗೆರೆ ಹಾಕಿಕೊಳ್ಳುತ್ತದೆ. "ಸಾವಿರದ ಇನ್ನೂರ ಮೂವತ್ನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು" ಎಂದು ಒಂದೇ ಉಸಿರಿಗೆ ಓದಿದರು. "ಯಾರ ಖಾತೇದಪ್ಪ ಇದು?"

ಯಾರ ಖಾತೆಯದೂ ಅಲ್ಲ. ಇಷ್ಟು ಸೆಕೆಂಡು ಎಣಿಸುತ್ತ ಕೂತರೆ 391 ವರ್ಷ ದಾಟುತ್ತದೆ, ಅಷ್ಟು ದೊಡ್ಡದು. ಆದರೆ ಇದನ್ನು ನಿಮ್ಮ ಮುಂದೆ ಇಟ್ಟದ್ದು ದೊಡ್ಡದು ಅಂತ ಅಲ್ಲ. ಇದಕ್ಕೆ ಸಾವಿರದ ನೂರು ವರ್ಷಕ್ಕೂ ಮೀರಿದ ವಯಸ್ಸಿದೆ, ಮತ್ತು ನಮ್ಮ ನಾಡಿನದೇ ನಂಟಿದೆ. ಒಂಬತ್ತನೇ ಶತಮಾನದಲ್ಲಿ ರಾಷ್ಟ್ರಕೂಟರ ದೊರೆ ಅಮೋಘವರ್ಷ ನೃಪತುಂಗ ಆಳುತ್ತಿದ್ದನಲ್ಲ, ರಾಜಧಾನಿ ಮಾನ್ಯಖೇಟ. ಇವತ್ತಿನ ಕಲಬುರಗಿ ಜಿಲ್ಲೆಯಲ್ಲಿ ಕಾಗಿಣಾ ನದಿಯ ದಡದ ಮಳಖೇಡವೇ ಅದು. ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತ್ಯಂತ ಹಳೆಯ ಗ್ರಂಥ 'ಕವಿರಾಜಮಾರ್ಗ' ಆ ಆಳ್ವಿಕೆಯ ಕಾಲದ್ದು. ಅದೇ ಕಾಲದಲ್ಲಿ, ಆ ದೊರೆಯನ್ನೇ ಹೊಗಳಿ ಆರಂಭಿಸಿ, ಮಹಾವೀರಾಚಾರ್ಯರೆಂಬ ಜೈನ ಗಣಿತಜ್ಞರು ಸಂಸ್ಕೃತದಲ್ಲಿ 'ಗಣಿತಸಾರಸಂಗ್ರಹ' ಬರೆದರು. ಗ್ರಹಗತಿಯ ಮಾತಿಗೆ ಹೋಗದೆ ಗಣಿತವನ್ನೇ ಮೊದಲಿಂದ ಕೊನೆಯವರೆಗೆ ಹಿಡಿದ ಪುಸ್ತಕ. ಹನ್ನೊಂದನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನಲ್ಲಿ ಎಂ. ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು.

ಆ ಪುಸ್ತಕದ ಗುಣಾಕಾರದ ಉದಾಹರಣೆಗಳ ನಡುವೆ ಒಂದು ಲೆಕ್ಕ ಇದೆ. 27994681 ಅನ್ನು 441ರಿಂದ ಗುಣಿಸಬೇಕು. ಅಷ್ಟೇ.

"ಕೊಡು ಪೆನ್ನು" ಎಂದರು ಅಕ್ಕ. ಹಾಲಿನ ಲೆಕ್ಕದ ಚೀಟಿಯ ಹಿಂಬದಿಯಲ್ಲಿ 441 ಅನ್ನು 400 ಮತ್ತು 41 ಎಂದು ಒಡೆದುಕೊಂಡರು. 400ರಿಂದ ಗುಣಿಸಿದ್ದಕ್ಕೆ 11197872400. 41ರಿಂದ ಗುಣಿಸಿದ್ದಕ್ಕೆ 1147781921. ಎರಡನ್ನೂ ಕೂಡಿದರು. ಬಲತುದಿಯಿಂದ ಒಂದೊಂದೇ ಅಂಕಿ ಇಳಿಯುತ್ತ ಬಂತು: 1, 2, 3, 4, 5, 6, 5, 4, 3, 2, 1. "ಅಯ್ಯೋ, ಇದು ಅದೇ!" ಎಂದರು.

ಅದೇ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ, ನಮ್ಮ 'ವಿಕಟಕವಿ' ಪದದ ಜಾತಿಯದು. ಮಹಾವೀರಾಚಾರ್ಯರು ಇಂಥ ಗುಣಲಬ್ಧಗಳನ್ನು ಕಂಠಾಭರಣ, ಕಂಠಿಕೆ ಎಂದು ಕರೆಯುತ್ತಾರೆ. ಹಾರದ ನಡುವೆ ಪದಕ, ಎರಡೂ ಬದಿಗೆ ಸಮನಾದ ಮಣಿ. ಈ ಸಂಖ್ಯೆಯನ್ನಂತೂ ಅಂಕಿ ಅಂಕಿಯಾಗಿ ಹೇಳುವ ಗೋಜಿಗೇ ಅವರು ಹೋಗಿಲ್ಲ. ಒಂದರಿಂದ ಶುರು, ಆರರವರೆಗೆ ಏರಿಕೆ, ಆಮೇಲೆ ಕ್ರಮವಾಗಿ ಇಳಿಕೆ, ಅಷ್ಟು ವಿವರಣೆಯಲ್ಲೇ ಹನ್ನೊಂದು ಸ್ಥಾನ ತುಂಬಿಬಿಡುತ್ತದೆ. ಅದೇ ಪುಸ್ತಕದಲ್ಲಿ ಅವರು ಬಿಡಿ ಸ್ಥಾನದಿಂದ ಮಹಾಕ್ಷೋಭದವರೆಗೆ ಇಪ್ಪತ್ನಾಲ್ಕು ಸ್ಥಾನಗಳಿಗೆ ಹೆಸರು ಕೊಟ್ಟಿದ್ದಾರೆ. ಹನ್ನೊಂದು ಅಂಕಿ ಅವರಿಗೆ ಹೆಚ್ಚೇನೂ ಅಲ್ಲ.

"ಚೆಂದ ಇದೆ" ಎಂದರು ಅಕ್ಕ. "ಆದರೆ ಚೆಂದ ಅಷ್ಟೇನಾ? ನಮ್ಮ ಕೌಂಟರಿಗೂ 786 ಇರೋ ನೋಟು ಬೇಕು, 999 ಇರೋ ನೋಟು ಬೇಕು ಅಂತ ಬರೋರು. ಅಂಕಿ ಸಾಲಾಗಿ ಕಂಡರೆ ಜನಕ್ಕೆ ಖುಷಿ. ಅದಕ್ಕೂ ಇದಕ್ಕೂ ಏನು ವ್ಯತ್ಯಾಸ?"

ನಾನು ಹೇಳಬೇಕೆಂದಿದ್ದ ಇಡೀ ಮಾತು ಈ ಪ್ರಶ್ನೆಯಲ್ಲಿದೆ. ನೋಟಿನ ಮೇಲಿನ ನಂಬರು ಅಲ್ಲಿಗೆ ಬಂದದ್ದು ಅಚ್ಚಿನ ಸರದಿಯಿಂದ. ಅದರ ಚೆಂದದ ಹಿಂದೆ ಬೇರೆ ಏನೂ ಇಲ್ಲ. ಈ ಸಂಖ್ಯೆಯ ಚೆಂದಕ್ಕೆ ಕಾರಣ ಇದೆ. ಆ ಕಾರಣ ಹಿಡಿದು ಹೋದರೆ ಇನ್ನೊಂದು ಚೆಂದ, ಅದಕ್ಕೂ ಕಾರಣ. ಒಂದರ ಹಿಂದೆ ಒಂದು ಬಾಗಿಲು ತೆರೆಯುತ್ತ ಹೋಗುತ್ತದೆ. ಎಷ್ಟು ಒಳಗೆ ಹೋಗುತ್ತದೋ ನೋಡೋಣ ಬನ್ನಿ.

ಮೊದಲ ಕಾರಣ ಸುಲಭ. 111111 ಬರೆಯಿರಿ, ಆರು ಒಂದುಗಳು. ಅದನ್ನು ಅದರಿಂದಲೇ ಗುಣಿಸಿ. ಒಂದರ ಮಗ್ಗಿಗಿಂತ ಸುಲಭದ ಮಗ್ಗಿ ಇಲ್ಲ, ಆದ್ದರಿಂದ ಗುಣಿಸುವ ಕೆಲಸವೇ ಇಲ್ಲ. 111111 ಅನ್ನು ಆರು ಸಾಲು ಬರೆಯುವುದು, ಪ್ರತಿ ಸಾಲನ್ನೂ ಒಂದು ಮನೆ ಎಡಕ್ಕೆ ಸರಿಸುವುದು, ಕೂಡುವುದು. ಬಲತುದಿಯ ಕಂಬದಲ್ಲಿ ಒಂದೇ ಒಂದು 'ಒಂದು' ಇರುತ್ತದೆ. ಅದರ ಪಕ್ಕದ್ದರಲ್ಲಿ ಎರಡು, ಅದರ ಪಕ್ಕದಲ್ಲಿ ಮೂರು. ನಟ್ಟನಡುವಿನ ಕಂಬದಲ್ಲಿ ಆರೂ ಸಾಲು ಸೇರುತ್ತವೆ. ಅಲ್ಲಿಂದ ಎಡಕ್ಕೆ ಸಾಲುಗಳು ಒಂದೊಂದಾಗಿ ಮುಗಿಯುತ್ತ ಬರುತ್ತವೆ: ಐದು, ನಾಲ್ಕು, ಮೂರು, ಎರಡು, ಒಂದು. ಯಾವ ಕಂಬದಲ್ಲೂ ಮೊತ್ತ ಒಂಬತ್ತು ದಾಟುವುದಿಲ್ಲ, ಹಾಗಾಗಿ ದಶಕ ಎಡಕ್ಕೆ ಹೋಗುವ ಪ್ರಸಂಗವೇ ಇಲ್ಲ. ಎಣಿಸಿದ್ದು ಎಣಿಸಿದ ಹಾಗೇ ಉತ್ತರದಲ್ಲಿ ಕೂರುತ್ತದೆ. ಮಹಾವೀರಾಚಾರ್ಯರು ಹೇಳಿಕೊಡುವ ಕವಾಟಸಂಧಿ ಎಂಬ ಗುಣಾಕಾರ ಕ್ರಮವೂ ಒಂದು ಸಂಖ್ಯೆಯನ್ನು ಇನ್ನೊಂದರ ಮೇಲೆ ಇಟ್ಟು ಮನೆ ಮನೆಯಾಗಿ ಸರಿಸುವಂಥದ್ದೇ. ಹಾಗೆ ಸರಿಸಿದವರ ಕಣ್ಣಿಗೆ ಈ ಏರಿಳಿತ ಬೀಳದೆ ಇರುವುದು ಕಷ್ಟ.

"ಅಂದರೆ ಹತ್ತು ಅಂಕಿ ನಮ್ಮಲ್ಲಿವೆ ಅನ್ನೋದಕ್ಕೂ ಇದಕ್ಕೂ ಸಂಬಂಧ ಇಲ್ಲವಾ?" ಎಂದರು ಅಕ್ಕ.

ಒಳ್ಳೆ ಪ್ರಶ್ನೆ. ಹತ್ತರ ಬದಲು ಏಳರ ಲೆಕ್ಕದಲ್ಲಿ ಎಣಿಸುವ ಜನ ಇದ್ದರೂ 111111 ಬರೆದು ಅದರಿಂದಲೇ ಗುಣಿಸಿದರೆ 12345654321 ಎಂದೇ ಬರೆಯುತ್ತಾರೆ. ಅವರ 111111 ನಮ್ಮ ಲೆಕ್ಕದಲ್ಲಿ 19608. ಅದರ ವರ್ಗ 384473664. ಬೆಲೆ ಬೇರೆ, ಬರಹ ಒಂದೇ. ಎಂಟರ ಲೆಕ್ಕ, ಹನ್ನೆರಡರ ಲೆಕ್ಕ, ಹದಿನಾರರ ಲೆಕ್ಕ, ಎಲ್ಲದರಲ್ಲೂ ಇದು ಪೂರ್ಣವರ್ಗವೇ. ಆರರ ಲೆಕ್ಕಕ್ಕೆ ಇಳಿದರೆ ಮಾತ್ರ ಕೆಡುತ್ತದೆ, ಅಲ್ಲಿ ಆರು ಎಂಬ ಅಂಕಿಯೇ ಇರುವುದಿಲ್ಲ. ನಮ್ಮ ಹತ್ತರ ಲೆಕ್ಕದಲ್ಲಿ ಒಂಬತ್ತು ಒಂದುಗಳವರೆಗೆ ಹಾರ ಸರಾಗ: 111111111ರ ವರ್ಗ 12345678987654321. ಹತ್ತು ಒಂದುಗಳನ್ನು ತೆಗೆದುಕೊಂಡರೆ? 1234567900987654321 ಬರುತ್ತದೆ.

ಅಕ್ಕ ಬೆರಳಿಟ್ಟು ಓದಿದರು. "ಏರೋವಾಗ ಏಳಾದ ಮೇಲೆ ಒಂಬತ್ತು. ಎಂಟು ಎಲ್ಲಿ?"

ನಡುವಿನ ಕಂಬದಲ್ಲಿ ಹತ್ತು ಬಂತು. ಸೊನ್ನೆ ಬರೆದು ಒಂದನ್ನು ಎಡಕ್ಕೆ ಕಳಿಸಬೇಕು. ಎಡಗಡೆ ಒಂಬತ್ತಿತ್ತು, ಇದನ್ನು ಸೇರಿಸಿಕೊಂಡು ಅದೂ ಹತ್ತಾಯಿತು. ಮತ್ತೆ ಸೊನ್ನೆ, ಮತ್ತೆ ಒಂದು ಎಡಕ್ಕೆ. ಅಲ್ಲಿದ್ದ ಎಂಟು ಒಂಬತ್ತಾಯಿತು. ಎಂಟು ಕಳೆದುಹೋದದ್ದಲ್ಲ, ಒಂಬತ್ತಾಗಿ ನಿಂತಿದೆ. ಮಹಾವೀರಾಚಾರ್ಯರ ಪಟ್ಟಿಯಲ್ಲಿ ಇನ್ನೊಂದು ಹಾರ ಇದೆ: 12345679 ಅನ್ನು 9ರಿಂದ ಗುಣಿಸಿದರೆ 111111111. ಅಲ್ಲಿಯೂ ಎಂಟು ಇಲ್ಲ. ಒಂದನ್ನು 81ರಿಂದ ಭಾಗಿಸಿದರೆ 0.012345679012345679 ಎಂದು ಓಡುತ್ತದೆ, ಅಲ್ಲಿಯೂ ಇಲ್ಲ. ಮೂರೂ ಕಡೆ ಕಾರಣ ಒಂದೇ, ನಡುವೆ ಹುಟ್ಟಿದ ಆ ದಶಕ.

ಇನ್ನೊಂದು ಸಣ್ಣ ಸೊಗಸು ಇಲ್ಲೇ ಇದೆ. ನಮ್ಮ ಸಂಖ್ಯೆಯ ಅಂಕಿಗಳನ್ನೆಲ್ಲ ಕೂಡಿ. "ಮೂವತ್ತಾರು" ಎಂದರು ಅಕ್ಕ, ಕೂಡುವುದರಲ್ಲಿ ಅವರ ವೇಗ ಕೇಳಬೇಕೆ. ಮೂವತ್ತಾರು ಎಂದರೆ ಆರಾರಲ. ದಶಕ ಎಲ್ಲೂ ಹೋಗದಿದ್ದರೆ ಅಂಕಿಗಳ ಮೊತ್ತಗಳೂ ಹಾಗೇ ಗುಣಿಸಿಕೊಳ್ಳುತ್ತವೆ: 111111ರ ಅಂಕಿಮೊತ್ತ ಆರು, ವರ್ಗದ ಅಂಕಿಮೊತ್ತ ಆರಾರಲ ಮೂವತ್ತಾರು. ಈಗ ಸಂಖ್ಯೆಯನ್ನು ಅದರ ಅಂಕಿಮೊತ್ತದಿಂದಲೇ, ಅಂದರೆ 36ರಿಂದ, ಗುಣಿಸಿದರೆ 444443555556. ಅದು 666666ರ ವರ್ಗ.

ಈ ಹಾರಗಳು ನಮ್ಮ ಕಾಲದಲ್ಲೂ ಒಬ್ಬರ ಕಣ್ಣಿಗೆ ಬಿದ್ದವು. ನಾಸಿಕದ ಹತ್ತಿರ ದೇವಲಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್, 1905ರಿಂದ 1986ರವರೆಗೆ ಬದುಕಿದ್ದವರು. 6174ರ ಕಾಪ್ರೇಕರ್ ಎಂದರೆ ಗಣಿತ ಪ್ರಿಯರಿಗೆಲ್ಲ ಗೊತ್ತು. 1, 121, 12321, 1234321 ಎಂದು ಸಾಗುವ ಈ ಸಾಲಿಗೆ ಅವರು ಡೆಮ್ಲೊ ಸಂಖ್ಯೆಗಳು ಎಂಬ ಹೆಸರಿಟ್ಟರು, ಅದರಲ್ಲೂ ಇವು 'ವಂಡರ್‌ಫುಲ್ ಡೆಮ್ಲೊ'. ಡೆಮ್ಲೊ ಎಂದರೆ ಮುಂಬೈಯಿಂದ ಮೂವತ್ತು ಮೈಲಿಯಾಚೆ ಆಗಿನ ಜಿಐಪಿ ರೈಲು ಮಾರ್ಗದ ಒಂದು ಸ್ಟೇಷನ್ನು, ಇಂದಿನ ಡೊಂಬಿವಲಿ. ಆ ಸಂಖ್ಯೆಗಳನ್ನು ಹುಡುಕುವ ಯೋಚನೆ ಹೊಳೆದದ್ದು ಅಲ್ಲಿ. ಕಾಗಿಣಾ ದಡದ ಅರಸನ ಕಾಲದ ಹಾರವೂ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಹೊಳೆದ ಹಾರವೂ ಒಂದೇ ಸಂಖ್ಯೆ. ಸಂಖ್ಯೆ ಯಾರ ಮನೆಯದೂ ಅಲ್ಲ ನೋಡಿ, ಹುಡುಕಿದವರಿಗೆಲ್ಲ ಸಿಗುತ್ತದೆ.

ಇನ್ನು ಎರಡನೇ ಬಾಗಿಲು. 111111 ಹೊರಗಿನಿಂದ ಒಂದೇ ಥರದ ಆರು ಅಂಕಿ. ಒಳಗೆ ಏನಿದೆ?

"ಮೂರರಿಂದ ಹೋಗುತ್ತೆ, ಅಂಕಿ ಕೂಡಿದರೆ ಆರು ಬರುತ್ತಲ್ಲ" ಎಂದರು ಅಕ್ಕ. "ಹನ್ನೊಂದರಿಂದಲೂ ಹೋಗುತ್ತೆ. ಎರಡೆರಡು ಒಂದು ಸೇರಿಸಿದರೆ ಹನ್ನೊಂದು, ಹನ್ನೊಂದು, ಹನ್ನೊಂದು."

ಅದೇ ದಾರಿಯಲ್ಲಿ ಮುಂದೆ ನಡೆಯಿರಿ. ಮೂರು ಮೂರು ಸೇರಿಸಿದರೆ 111, 111. ಅಂದರೆ 111111 ಎಂದರೆ 111 ಗುಣಿಸು 1001. 111ರೊಳಗೆ 3 ಮತ್ತು 37. 1001ರೊಳಗೆ 7, 11, 13. ಒಟ್ಟು ಐದು ಅವಿಭಾಜ್ಯ ಸಂಖ್ಯೆಗಳು: 3, 7, 11, 13, 37. ಪ್ರತಿಯೊಂದೂ ಒಂದೊಂದು ಸಲ. ನಮ್ಮ 12345654321 ಅದರ ವರ್ಗವಾದ್ದರಿಂದ ಅದರೊಳಗೆ ಪ್ರತಿಯೊಂದೂ ಎರಡೆರಡು ಸಲ. ಹಾಗಾದರೆ ಅದನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಗಳು ಎಷ್ಟು? ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದಕ್ಕೂ ಮೂರು ಆಯ್ಕೆ: ಬಿಡಬಹುದು, ಒಂದು ಸಲ ತೆಗೆದುಕೊಳ್ಳಬಹುದು, ಎರಡು ಸಲ ತೆಗೆದುಕೊಳ್ಳಬಹುದು. ಮೂರನ್ನು ಐದು ಸಲ ಗುಣಿಸಿದರೆ 243. ಒಂದರಿಂದ ಹಿಡಿದು ತಾನೇ ತನಕ 243 ಭಾಜಕಗಳು.

ಭಾಗಿಸದೆಯೇ ಪರೀಕ್ಷೆ ಮಾಡಬಹುದು. ಅಂಕಿಗಳನ್ನು ಒಂದು ಕೂಡಿಸಿ ಒಂದು ಕಳೆದು ಹೋಗಿ: 1 ಕಳೆ 2, ಕೂಡು 3, ಕಳೆ 4, ಕೂಡು 5, ಕಳೆ 6, ಕೂಡು 5, ಕಳೆ 4, ಕೂಡು 3, ಕಳೆ 2, ಕೂಡು 1. ಸೊನ್ನೆ. ಅಲ್ಲಿಗೆ 11 ಹೋಯಿತು. ಬಲದಿಂದ ಮೂರು ಮೂರು ಅಂಕಿಯ ಗುಂಪು ಮಾಡಿ: 321, 654, 345, 12. ಇವನ್ನೂ ಒಂದು ಬಿಟ್ಟು ಒಂದು ಕಳೆಯಿರಿ: 321ರಲ್ಲಿ 654 ಕಳೆದು, 345 ಕೂಡಿ, 12 ಕಳೆದರೆ ಮತ್ತೆ ಸೊನ್ನೆ. 1001 ಹೋಯಿತು, ಅದರ ಜೊತೆ 7, 11, 13 ಮೂರೂ ಹೋದವು. ಅದೇ ಗುಂಪುಗಳನ್ನು ಸುಮ್ಮನೆ ಕೂಡಿದರೆ 1332. ಅದು 36 ಗುಣಿಸು 37. ಮತ್ತೆ ಆ ಮೂವತ್ತಾರು, ಪಕ್ಕದಲ್ಲೇ ಮೂವತ್ತೇಳು!

"ಸರಿ, ಐದು ಸಿಕ್ಕವು" ಎಂದರು ಅಕ್ಕ. "ಇವೇ ಐದು ಯಾಕೆ? ಐದರಿಂದ ಹೋಗಲ್ಲ ಅಂತ ಕೊನೆಯ ಅಂಕಿ ನೋಡಿದರೆ ಗೊತ್ತು. ಹದಿನೇಳು, ಹತ್ತೊಂಬತ್ತು ಯಾಕೆ ಬರಲಿಲ್ಲ?"

ಇದು ಮೂರನೇ ಬಾಗಿಲು. ನನಗೆ ಅತಿ ಪ್ರಿಯವಾದದ್ದು. ಒಂದನ್ನು 7ರಿಂದ ಭಾಗಿಸುತ್ತ ಹೋಗಿ. ಮೊದಲು ಉಳಿಯುವ ಶೇಷ 3, ಆಮೇಲೆ 2, ಆಮೇಲೆ 6, 4, 5, ಆರನೆಯ ಹೆಜ್ಜೆಗೆ ಮತ್ತೆ 1. ಹೊರಟಲ್ಲಿಗೇ ಬಂದೆವು. ಇನ್ನು ಮುಂದೆ ಅದೇ ಅಂಕಿಗಳು ಅದೇ ಕ್ರಮದಲ್ಲಿ ಬರಲೇಬೇಕು: 0.142857 142857 142857. ಆರು ಹೆಜ್ಜೆಯಲ್ಲಿ ಶೇಷ 1ಕ್ಕೆ ಮರಳಿತು ಎಂದರೇನು? ಹತ್ತು ಲಕ್ಷವನ್ನು 7ರಿಂದ ಭಾಗಿಸಿದರೆ 1 ಉಳಿಯಿತು ಎಂದರ್ಥ. ಅದರಲ್ಲಿ ಒಂದು ಕಳೆದರೆ, 999999, ಏನೂ ಉಳಿಯದೆ ಹೋಗುತ್ತದೆ. 999999 ಎಂದರೆ 9 ಗುಣಿಸು 111111. ಹೀಗೆ 7 ನಮ್ಮ ಸಂಖ್ಯೆಯೊಳಗೆ ಬಂತು.

ಇದು 7ಕ್ಕೆ ಮಾತ್ರ ಅಲ್ಲ. ಯಾವ ಅವಿಭಾಜ್ಯದಿಂದ ಒಂದನ್ನು ಭಾಗಿಸಿದಾಗ ದಶಮಾಂಶ ಮೊದಲ ಅಂಕಿಯಿಂದಲೇ ಆವರ್ತಿಸಿ ಆರನೆಯ ಹೆಜ್ಜೆಗೆ ಮನೆ ಸೇರುತ್ತದೋ ಅದೆಲ್ಲ 999999ರೊಳಗೆ ಇರಲೇಬೇಕು. ಒಳಗಿರುವುದೆಲ್ಲ ಹಾಗೆ ಮನೆ ಸೇರಲೇಬೇಕು. ನೋಡಿ: ಮೂರನೆಯ ಒಂದು ಭಾಗ 0.333, ಒಂದೇ ಅಂಕಿಯ ಆವರ್ತ. ಹನ್ನೊಂದರಲ್ಲಿ ಒಂದು 0.0909, ಎರಡು ಅಂಕಿಯ ಆವರ್ತ. ಮೂವತ್ತೇಳರಲ್ಲಿ ಒಂದು 0.027027, ಮೂರು ಅಂಕಿ. ಏಳರಲ್ಲಿ ಒಂದು, ಹದಿಮೂರರಲ್ಲಿ ಒಂದು, ಆರಾರು ಅಂಕಿ, ಹದಿಮೂರರದ್ದು 0.076923. ಒಂದು, ಎರಡು, ಮೂರು, ಆರು, ಇವು ಆರನ್ನು ಭಾಗಿಸುವ ಸಂಖ್ಯೆಗಳು. ಇಂಥ ಆವರ್ತ ಉಳ್ಳ ಅವಿಭಾಜ್ಯಗಳು ಜಗತ್ತಿನಲ್ಲಿ ಈ ಐದೇ. ಎಷ್ಟು ಕೋಟಿಯವರೆಗೆ ಹುಡುಕಿದರೂ ಆರನೆಯದು ಸಿಗುವುದಿಲ್ಲ, ಏಕೆಂದರೆ ಸಿಗುವ ಜಾಗವೇ 999999ರ ಒಳಗೆ, ಅಲ್ಲಿ ಇರುವವರನ್ನೆಲ್ಲ ನಾವು ಎಣಿಸಿ ಆಗಿದೆ. ಹದಿನೇಳರಲ್ಲಿ ಒಂದು ಮನೆ ಸೇರುವುದು ಹದಿನಾರನೆಯ ಹೆಜ್ಜೆಗೆ. ಅದಕ್ಕೇ ಅದು ಇಲ್ಲಿಲ್ಲ.

ಅಕ್ಕ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, "ನಾನು ಶಾಲೇಲಿ ಏಳರಿಂದ ಭಾಗಿಸಿ ಭಾಗಿಸಿ ಸುಸ್ತಾಗಿದ್ದೆ. ಅದು ಮುಗಿಯಲ್ಲ ಅಂತ ಮಾತ್ರ ಹೇಳಿಕೊಟ್ಟಿದ್ದರು. ಯಾವಾಗ ತಿರುಗಿ ಬರುತ್ತೆ, ಯಾಕೆ ಬರುತ್ತೆ ಅಂತ ಹೇಳಿದ್ದರೆ!" ಎಂದರು.

ಅದೇ ನನ್ನ ಸಂಕಟವೂ. ನಮ್ಮ ಮಕ್ಕಳಿಗೆ ಅಂಕಿಗಳ ಚಮತ್ಕಾರ ತೋರಿಸುವವರು ಬೇಕಷ್ಟಿದ್ದಾರೆ, ಮೊಬೈಲಿನಲ್ಲಿ ದಿನಕ್ಕೊಂದು ಬರುತ್ತದೆ. 'ಅಬ್ಬಾ' ಎನ್ನಿಸಿ ಅಲ್ಲಿಗೆ ಬಿಡುತ್ತಾರೆ. ಅಬ್ಬಾ ಎಂದ ಮೇಲೆ 'ಯಾಕೆ' ಎಂದು ಕೇಳಿದಾಗ ತಾನೇ ಗಣಿತ ಶುರುವಾಗುವುದು?

ಇನ್ನೂ ಒಂದು ಬಾಗಿಲು ಇದೆ. 111111 ಅನ್ನು 37ರಿಂದ ಭಾಗಿಸಿ. 3003 ಬರುತ್ತದೆ. ಹದಿನೈದು ಜನರಲ್ಲಿ ಐದು ಜನರನ್ನು ಎಷ್ಟು ರೀತಿಯಲ್ಲಿ ಆರಿಸಬಹುದು? 3003. ಹದಿನಾಲ್ಕು ಜನರಲ್ಲಿ ಆರು ಜನರನ್ನು? ಮತ್ತೆ 3003. ಎಪ್ಪತ್ತೆಂಟು ಜನ ಸೇರಿ ಪ್ರತಿಯೊಬ್ಬರೂ ಉಳಿದ ಪ್ರತಿಯೊಬ್ಬರ ಕೈ ಒಂದೊಂದು ಸಲ ಕುಲುಕಿದರೆ? ಅದೂ 3003. ಇಂಥ ಆಯ್ಕೆಗಳ ಎಣಿಕೆಯನ್ನೆಲ್ಲ ತ್ರಿಕೋನವಾಗಿ ಜೋಡಿಸಿದ್ದನ್ನು ನಮ್ಮ ಛಂದಶ್ಶಾಸ್ತ್ರದವರು ಮೇರುಪ್ರಸ್ತಾರ ಎಂದರು, ಈಗಿನ ಪಠ್ಯದಲ್ಲಿ ಪ್ಯಾಸ್ಕಲ್ ತ್ರಿಕೋನ. ಆ ತ್ರಿಕೋನದಲ್ಲಿ 3003 ಎಂಟು ಸಲ ಬರುತ್ತದೆ. ಎಲ್ಲ ಸಾಲಿನ ತುದಿಯಲ್ಲೂ ಇರುವ 1 ಅನ್ನು ಬಿಟ್ಟರೆ, ಅಷ್ಟು ಸಲ ಬರುವ ಇನ್ನೊಂದು ಸಂಖ್ಯೆ ಈವರೆಗೆ ಯಾರಿಗೂ ಸಿಕ್ಕಿಲ್ಲ. ಹದಿನಾಲ್ಕರ ಸಾಲಿನಲ್ಲಿ ನಾಲ್ಕು, ಐದು, ಆರು ಜನರನ್ನು ಆರಿಸುವ ಎಣಿಕೆಗಳು ಪಕ್ಕಪಕ್ಕದಲ್ಲಿ ಹೀಗಿವೆ: 1001, 2002, 3003. ನಮ್ಮ 1001 ಅಲ್ಲೂ ಕೂತಿದೆ.

ಇಷ್ಟು ವಸ್ತುಗಳಲ್ಲಿ ಇಷ್ಟನ್ನು ಆರಿಸುವ ರೀತಿಗಳೆಷ್ಟು ಎಂಬುದಕ್ಕೆ, ವಸ್ತು ಎಷ್ಟೇ ಇರಲಿ, ಅನ್ವಯಿಸುವ ಸಾಮಾನ್ಯ ಸೂತ್ರ ಕೊಟ್ಟವರು ಯಾರು ಗೊತ್ತೇ? ಇದೇ ಮಹಾವೀರಾಚಾರ್ಯರು, ಇದೇ ಪುಸ್ತಕದಲ್ಲಿ. ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು, ಈ ಆರು ರಸಗಳನ್ನು ಬೆರೆಸಿದರೆ ಎಷ್ಟು ಬಗೆ ಎಂದು ಅವರು ಕೇಳುತ್ತಾರೆ. ಒಂದೊಂದೇ ಆರು, ಎರಡೆರಡು ಹದಿನೈದು, ಮೂರು ಮೂರು ಇಪ್ಪತ್ತು, ಹೀಗೆ ಕೂಡುತ್ತ ಹೋದರೆ ಒಟ್ಟು 63.

"ಅಲ್ಲಪ್ಪ" ಎಂದರು ಅಕ್ಕ, "ಇಷ್ಟೆಲ್ಲ ಅವರಿಗೆ ಗೊತ್ತಿತ್ತಾ? ಏನೋ ಗುಣಿಸುವಾಗ ಚೆಂದದ ಉತ್ತರ ಬಂತು, ಬರೆದಿಟ್ಟರು ಅಂತಲೂ ಆಗಬಹುದಲ್ಲ?"

ನನಗೆ ಹಾಗೆ ಅನ್ನಿಸುವುದಿಲ್ಲ. ಕಾರಣ ಅವರ ಪ್ರಶ್ನೆಯಲ್ಲೇ ಇದೆ. 441 ಎಂದರೆ 21ರ ವರ್ಗ. 27994681 ಎಂದರೆ 5291ರ ವರ್ಗ. 21ರೊಳಗೆ 3 ಮತ್ತು 7. 5291ರೊಳಗೆ 11, 13, 37. ಐದು ಅವಿಭಾಜ್ಯಗಳನ್ನು ಎರಡು ಪಾಲು ಮಾಡಿ, ಒಂದೊಂದು ಪಾಲಿನ ವರ್ಗವನ್ನು ಒಂದೊಂದು ಕಡೆ ಇಟ್ಟಿದ್ದಾರೆ. 27994681 ನೋಡಿದರೆ ಏನೂ ಅನ್ನಿಸದ ಅಂಕಿರಾಶಿ. ಎಂಟು ಅಂಕಿಯ ಸಂಖ್ಯೆಗಳು ಒಂಬತ್ತು ಕೋಟಿ ಇವೆ, ಅವುಗಳಲ್ಲಿ ಕುರುಡಾಗಿ ಕೈಹಾಕಿ ಇದನ್ನು ಎತ್ತಿಕೊಳ್ಳಲು ಆಗುವುದಿಲ್ಲ. ಉತ್ತರವನ್ನು ಮೊದಲು ಕೈಯಲ್ಲಿ ಹಿಡಿದು, ಒಡೆದು, ಹಿಂದಕ್ಕೆ ನಡೆದವರಿಗೆ ಮಾತ್ರ ಇದು ಸಿಗುತ್ತದೆ. ಅವರ ಬೇರೆ ಹಾರಗಳೂ ಇದನ್ನೇ ಹೇಳುತ್ತವೆ. 142857143 ಅನ್ನು 7ರಿಂದ ಗುಣಿಸಿದರೆ 1000000001. 333333666667 ಅನ್ನು 33ರಿಂದ ಗುಣಿಸಿದರೆ 11000011000011. 152207 ಅನ್ನು 73ರಿಂದ ಗುಣಿಸಿದರೆ 11111111. ಇವೆಲ್ಲ ಅಕಸ್ಮಾತ್ ಕಂಡವಲ್ಲ, ಹುಡುಕಿದವು.

ಆ 21ರಲ್ಲಿ ಇನ್ನೂ ಒಂದು ಇದೆ. ಒಂದರಿಂದ ಆರರವರೆಗೆ ಕೂಡಿದರೆ 21. ಒಂದರಿಂದ ಆರರವರೆಗಿನ ಘನಗಳನ್ನು, ಅಂದರೆ 1, 8, 27, 64, 125, 216 ಅನ್ನು ಕೂಡಿದರೆ 441. ಘನಗಳ ಮೊತ್ತ ಎಂದರೆ ಮೊತ್ತದ ವರ್ಗ ಎಂಬ ನಿಯಮ ಆರ್ಯಭಟನ ಕಾಲದಿಂದ ನಮ್ಮವರಿಗೆ ಗೊತ್ತು. ಆರರವರೆಗೆ ಏರುವ ಹಾರಕ್ಕೆ ಆರರವರೆಗಿನ ಘನಗಳ ಮೊತ್ತವೇ ಗುಣಕ!

ಆರಕ್ಕೇ ಯಾಕೆ ನಿಲ್ಲಿಸಿದರು ಎಂಬುದಕ್ಕೂ ಸಂಖ್ಯೆಯೇ ಉತ್ತರ ಕೊಡುತ್ತದೆ. ಐದು ಒಂದುಗಳನ್ನು ಒಡೆದು ನೋಡಿ: 11111 ಎಂದರೆ 41 ಗುಣಿಸು 271. ಎರಡೇ ಚೂರು. ಏಳು ಒಂದುಗಳು: 1111111 ಎಂದರೆ 239 ಗುಣಿಸು 4649. ಅಲ್ಲೂ ಎರಡೇ. ನಡುವಿನ ಆರು ಮಾತ್ರ ಐದು ಚೂರಾಗುತ್ತದೆ. ಐದು ಮತ್ತು ಏಳು ಸ್ವತಃ ಅವಿಭಾಜ್ಯಗಳು, ಅವುಗಳ ಒಂದುಗಳನ್ನು ಸಮನಾದ ಗುಂಪಾಗಿ ಬಿಡಿಸಲು ಆಗುವುದಿಲ್ಲ. ಆರನ್ನು ಎರಡೆರಡಾಗಿಯೂ ಬಿಡಿಸಬಹುದು, ಮೂರು ಮೂರಾಗಿಯೂ ಬಿಡಿಸಬಹುದು, ನೀವೇ ಆಗ ಬಿಡಿಸಿದಿರಲ್ಲ. ಅಂಕಿ ಎಷ್ಟಿವೆ ಎಂಬ ಎಣಿಕೆಯ ಗುಣವೇ ಸಂಖ್ಯೆಯ ಗುಣವಾಗಿ ಇಳಿಯುತ್ತದೆ. ಶಿಷ್ಯರಿಗೆ ಗುಣಾಕಾರದ ಲೆಕ್ಕ ಕೊಡಬೇಕಾದ ಗುರುವಿಗೆ ಬಗೆಬಗೆಯಾಗಿ ಪಾಲು ಮಾಡಬಲ್ಲ ಸಂಖ್ಯೆ ಬೇಕು. ಆರು ಒಂದುಗಳ ವರ್ಗಕ್ಕಿಂತ ಒಳ್ಳೆಯದು ಆ ನೆರೆಹೊರೆಯಲ್ಲಿ ಇನ್ನೊಂದಿಲ್ಲ.

ಅಕ್ಕ ಚೀಟಿ ತಿರುಗಿಸಿ ಎಂಟು ಒಂದುಗಳನ್ನು ಬರೆದರು. "ತಡಿ, ಹೇಳಬೇಡ. ಎಂಟನ್ನು ಎರಡೂ ಭಾಗಿಸುತ್ತೆ, ನಾಲ್ಕೂ ಭಾಗಿಸುತ್ತೆ. ಹಾಗಾದರೆ ಇದರೊಳಗೆ 11 ಇರಬೇಕು, 1111 ಇರಬೇಕು. 1111 ಅಂದರೆ 11 ಗುಣಿಸು 101. ನಾಲ್ಕು ನಾಲ್ಕು ಗುಂಪು ಮಾಡಿದರೆ 1111, 1111. ಉಳಿಯೋದು 10001." ಅಲ್ಲಿ ಪೆನ್ನು ನಿಂತಿತು. "ಇದು ಒಡೆಯುತ್ತಾ?"

ಮಹಾವೀರಾಚಾರ್ಯರು 73 ಎಂದರಲ್ಲ, ಭಾಗಿಸಿ ನೋಡಿ ಎಂದೆ.

"ಎಪ್ಪತ್ತಮೂರು ಒಂದಲ ಎಪ್ಪತ್ತಮೂರು..." ಬರೆಯುತ್ತ ಹೋದರು. 137 ಬಂತು, ಶೇಷ ಸೊನ್ನೆ. 11, 73, 101, 137. ಇನ್ನು ಅವರಿಗೆ ನಾನೇನೂ ಹೇಳಬೇಕಿರಲಿಲ್ಲ. "ಹಾಗಾದರೆ ಒಂದನ್ನು ಎಪ್ಪತ್ತಮೂರರಿಂದ ಭಾಗಿಸಿದರೆ ಎಂಟನೆಯ ಹೆಜ್ಜೆಗೆ ತಿರುಗಿ ಬರಲೇಬೇಕು" ಎಂದು ಅವರೇ ಹೇಳಿ, ಭಾಗಿಸಲು ಕೂತರು. 0.01369863, ಮತ್ತೆ 01369863. ಭಾಗಾಕಾರ ಮಾಡುವ ಮೊದಲೇ ಅದರ ಉತ್ತರ ಹೇಗಿರುತ್ತದೆಂದು ಅವರಿಗೆ ಗೊತ್ತಿತ್ತು. ಸಾವಿರದ ನೂರು ವರ್ಷ ಹಿಂದೆ ಒಬ್ಬ ಗುರು ಶಿಷ್ಯರ ಮುಂದೆ ಒಂದು ದೊಡ್ಡ ಸಂಖ್ಯೆಯನ್ನು ಇಟ್ಟು ಗುಣಿಸಿ ಎಂದದ್ದು ಈ ಗೊತ್ತಾಗುವಿಕೆಗಾಗಿಯೇ ಎಂದು ನಾನು ನಂಬುತ್ತೇನೆ.